ಮಾಸ್ತರರು ಕಡಲು ದಾಟಲಿ, ಮಕ್ಕಳ ಪಾಠ ನಿಲ್ಲದಿರಲಿ

ಹಡಗಿನಲ್ಲಿ ಕಾಲೇಜು ನಡೆಯುವುದುಂಟೆ ಎಂದು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ನಗುವವರೇ ಹೆಚ್ಚು. ಆದರೆ ಅದು ನಡೆಯತೊಡಗಿ ಹೆಚ್ಚುಕಡಿಮೆ ಒಂದು ಶತಮಾನವಾಯಿತು. 1926ರ ಸೆಪ್ಟೆಂಬರ್ ತಿಂಗಳಲ್ಲಿ ‘ರಿಂಡಾಮ್’ ಎಂಬ ಹಡಗು ಸುಮಾರು 500 ಮಂದಿ ವಿದ್ಯಾರ್ಥಿಗಳನ್ನೂ ಅವರಿಗೆ ಪಾಠ ಹೇಳುವ ಅಧ್ಯಾಪಕರನ್ನೂ ಹೊತ್ತು ನ್ಯೂಯಾರ್ಕ್ ಬಂದರಿನಿಂದ ಭೂಪ್ರದಕ್ಷಿಣೆಗೆ ಹೊರಟಿತು. ಮರುವರ್ಷದ ಮೇ ತಿಂಗಳಲ್ಲಿ ಹಿಂದಿರುಗಿತು. ‘ತೇಲುವ ವಿಶ್ವವಿದ್ಯಾಲಯ’ ಎಂದು ಅದನ್ನು ಕರೆದರು. 1963ರಲ್ಲಿ ಈ ಪ್ರಯತ್ನ ಮತ್ತೆ ಚಿಗುರಿತು. ಮುಂದೆ ಹಾಂಗ್‌ಕಾಂಗಿನ ಹಡಗು ಉದ್ಯಮಿ ಸಿ. ವೈ. ತುಂಗ್ ಎಂಬವರು ‘ಕ್ವೀನ್ ಎಲಿಜಬೆತ್’ ಎಂಬ ಪ್ರಸಿದ್ಧ ಹಡಗನ್ನೇ ಕೊಂಡು ಅದನ್ನು ವಿದ್ಯಾಲಯವಾಗಿ ಮಾರ್ಪಡಿಸಲು ಹೊರಟರು. 1972ರ ಜನವರಿಯಲ್ಲಿ ಆ ಹಡಗು ಹಾಂಗ್‌ಕಾಂಗ್ ಬಂದರಿನಲ್ಲಿಯೇ ಬೆಂಕಿಗೆ ಆಹುತಿಯಾಯಿತು. ಅವರು ಎದೆಗುಂದಲಿಲ್ಲ, ಅದಕ್ಕಿಂತ ಚಿಕ್ಕ ಹಡಗೊಂದರಲ್ಲಿ ಕಾರ್ಯ ನಡೆಸಿದರು. ಆ ಸಂಪ್ರದಾಯವೇ ‘ಸೆಮಿಸ್ಟರ್ ಅಟ್ ಸೀ’ ಎಂಬ ಹೆಸರಿನಲ್ಲಿ ಬೆಳೆದು ಬಂದಿದೆ.

ಈ ವಿದ್ಯಾಲಯದ ಕ್ರಮ ಸರಳವಾದುದು. ಹಡಗು ನಡುಗಡಲಿನಲ್ಲಿರುವ ದಿನಗಳಲ್ಲಿ ತರಗತಿಯ ಪಾಠ; ಬಂದರು ಮುಟ್ಟಿದ ದಿನಗಳಲ್ಲಿ ಆ ದೇಶವೇ ಪಾಠ. ಮುಂದಿನ ಬಂದರಿನ ದೇಶದವರೊಬ್ಬರನ್ನು ಹಿಂದಿನ ಬಂದರಿನಲ್ಲಿಯೇ ಹತ್ತಿಸಿಕೊಂಡು, ಅವರ ನಾಡಿನ ವಿಚಾರವನ್ನು ಅವರ ಬಾಯಿಂದಲೇ ಕೇಳುವ ಪದ್ಧತಿಯೂ ಉಂಟು. ದಕ್ಷಿಣ ಆಫ್ರಿಕೆಯ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟು ಅವರಂಥ ದೊಡ್ಡವರೂ ಈ ಹಡಗಿನಲ್ಲಿ ವಿದ್ಯಾರ್ಥಿಗಳ ಜೊತೆ ಪ್ರಯಾಣ ಮಾಡಿ ಪಾಠ ಹೇಳಿದವರೇ. ಹಡಗು ಭಾರತಕ್ಕೂ ಬಂದಿದೆ. ಚೆನ್ನೈಯಲ್ಲಿ ನಿಂತದ್ದುಂಟು, ನಿಮ್ಮ ರಾಜ್ಯದ ಕೊಚ್ಚಿಯಲ್ಲಿಯೂ ನಿಂತದ್ದುಂಟು.

ಮಳೆಯನ್ನೇ ಸರಿಯಾಗಿ ಕಾಣದ ಜತ್ತ ತಾಲೂಕಿನ ಮಾಸ್ತರನಿಗೆ ಕಡಲಿನ ಉಸಾಬರಿ ಏಕೆ ಎಂದು ಓದುಗ ಬಾಂಧವರು ಕೇಳಬಹುದು. ಕೇಳುವುದು ಸಹಜ. ನಮ್ಮ ತಾಲೂಕು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಪೂರ್ವಕ್ಕೆ ವಿಜಯಪುರ ಜಿಲ್ಲೆ, ದಕ್ಷಿಣಕ್ಕೆ ಅಥಣಿ ಸೀಮೆ. ಉಮದಿ, ಸಂಖ, ಮಾಡಗ್ಯಾಳದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಚಂದ್ರಗಿರಿ ಹೊಳೆಯ ಉತ್ತರದ ನಿಮ್ಮ ನೆಲದ ಹೆಸರೂ ಜತ್ತ ತಾಲೂಕಿನ ಹಳ್ಳಿಗಳ ಹೆಸರೂ 1967ರ ಮಹಾಜನ ವರದಿಯಲ್ಲಿ ಒಟ್ಟಿಗೇ ಬಂದವು. ವರದಿ ಕಡತದಲ್ಲಿ ಉಳಿಯಿತು, ನಾವು ಇದ್ದಲ್ಲಿಯೇ ಉಳಿದೆವು. ಆದ್ದರಿಂದ ನಮ್ಮ ಶಾಲೆಯ ಸುಖದುಃಖವನ್ನು ಕಾಸರಗೋಡಿನ ಕನ್ನಡ ಮನೆಗಳಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ನೀವೂ ಅದನ್ನೇ ಉಣ್ಣುತ್ತಿರುವವರು.

ನನ್ನ ತರಗತಿಯಲ್ಲಿ ಭೂಗೋಳದ ಪಾಠದ ನಡುವೆ ಈ ಹಡಗಿನ ಸಂಗತಿ ಬಂದಾಗ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಅಲ್ರಿ ಸರ, ಆ ಹಡಗದಾಗ ಕಲಸಾಕ ನಮ್ಮಂಥಾ ಸಾಲಿ ಮಾಸ್ತರಿಗೆ ಕರೀತಾರೇನ್ರಿ?” ತರಗತಿ ನಕ್ಕಿತು. ಆದರೆ ಆ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಗಡಿನಾಡಿನ ಕನ್ನಡ ಮಾಧ್ಯಮದ ಮಾಸ್ತರನಿಗೆ ಹೊರದೇಶದಲ್ಲಿ ಕಲಿಸುವ ಅವಕಾಶ ಬರಬಹುದೇ, ಬಂದರೆ ಆತ ಹೋಗಬಹುದೇ, ಹೋದರೆ ಆತನ ಶಾಲೆಯ ಮಕ್ಕಳ ಗತಿಯೇನು ಎಂಬ ಮೂರು ಪ್ರಶ್ನೆಗಳು ಅದರಲ್ಲಿ ಅಡಗಿವೆ.

ಬಾಗಿಲು ಇದೆ

ಮೊದಲನೆಯದಕ್ಕೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಆ ಹಡಗಿನಲ್ಲಿ ಪಾಠ ಹೇಳುವವರು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಹೈಸ್ಕೂಲಿನವರಿಗೆ ಅಲ್ಲಿ ಕುರ್ಚಿ ಹಾಕಿಟ್ಟಿಲ್ಲ. ಆದರೆ ಕಡಲಾಚೆಯ ಎಲ್ಲ ಬಾಗಿಲುಗಳೂ ನಮಗೆ ಮುಚ್ಚಿಲ್ಲ. ಭಾರತ ಮತ್ತು ಅಮೇರಿಕೆಗಳ ನಡುವೆ 1950ರ ಫೆಬ್ರವರಿ 2ರಂದು ಒಂದು ಒಪ್ಪಂದವಾಯಿತು. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಎಂದು ಪ್ರಸಿದ್ಧವಾದ ಯೋಜನೆ ಅದರಿಂದಲೇ ಬಂತು. 2008ರಲ್ಲಿ ಅದಕ್ಕೆ ನೆಹರೂ ಅವರ ಹೆಸರೂ ಸೇರಿತು. ಕಾಲೇಜಿನವರಲ್ಲದೆ ಶಾಲಾ ಶಿಕ್ಷಕರೂ ಈ ಯೋಜನೆಯಲ್ಲಿ ಆಯ್ಕೆಯಾದದ್ದುಂಟು. ಇಂಥ ಯೋಜನೆಗಳು ಒಂದು ವರ್ಷ ಹಿಗ್ಗುತ್ತವೆ, ಇನ್ನೊಂದು ವರ್ಷ ಕುಗ್ಗುತ್ತವೆ. ಆದರೂ ಬಾಗಿಲು ಎಂಬುದು ಒಂದಿದೆ ಎಂಬಷ್ಟು ನಿಜ.

ಬಾಗಿಲ ಬಳಿ ನಿಲ್ಲಲು ನಮಗೆ ಯೋಗ್ಯತೆ ಇದೆಯೆ? ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದಂದಿನಿಂದ ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಧಾರಾಳವಾಗಿ ಇದೆ. ಪುಣೆಯ ಬಾಲಭಾರತಿ ಸಂಸ್ಥೆ 1967ರಿಂದ ಮಹಾರಾಷ್ಟ್ರದ ಶಾಲಾ ಪುಸ್ತಕಗಳನ್ನು ತರುತ್ತಿದೆ. ನಮ್ಮ ಮಕ್ಕಳಿಗೆ ಅದರ ಕನ್ನಡ ಪುಸ್ತಕಗಳು ಬರುತ್ತವೆ. ಪುಸ್ತಕದ ಕನ್ನಡ ಒಂದು ಬಗೆ, ಮಕ್ಕಳ ಮನೆಯ ಕನ್ನಡ ಇನ್ನೊಂದು ಬಗೆ, ಸಂತೆಯ ಮಾತು ಮರಾಠಿ, ಟಿ.ವಿ.ಯ ಮಾತು ಹಿಂದಿ. ನಿಮ್ಮಲ್ಲಿಯಾದರೂ ಅಷ್ಟೆ. ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ ಕನ್ನಡ, ಕರಾಡ ಮರಾಠಿ, ಬ್ಯಾರಿ, ತರಗತಿಯಲ್ಲಿ ಪುಸ್ತಕದ ಕನ್ನಡ, ಕಚೇರಿಯಲ್ಲಿ ಮಲಯಾಳ. ಒಂದೇ ಬೆಂಚಿನಲ್ಲಿ ಕುಳಿತ ನಾಲ್ವರು ಮಕ್ಕಳಿಗೆ ನಾಲ್ಕು ದಾರಿಯಿಂದ ಹೋಗಿ ಒಂದೇ ಲೆಕ್ಕವನ್ನು ತಿಳಿಸುವ ಕೆಲಸ ಗಡಿನಾಡಿನ ಅಧ್ಯಾಪಕನಿಗೆ ದಿನನಿತ್ಯದ್ದು. ಹಲವು ದೇಶಗಳ ಹುಡುಗರು ಸೇರುವ ತರಗತಿಯಲ್ಲಿ ಬೇಕಾದದ್ದೂ ಇದೇ ಕಲೆ ಅಲ್ಲವೆ?

ಇನ್ನೊಂದು ಮಾತು. ದೀಪಾವಳಿ ಕಳೆಯುತ್ತಲೇ ನಮ್ಮ ಬರಗಾಲದ ಹಳ್ಳಿಗಳ ಎಷ್ಟೋ ಸಂಸಾರಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೊರಡುತ್ತವೆ. ಟ್ರ್ಯಾಕ್ಟರಿನಲ್ಲಿ ಪಾತ್ರೆ, ಹಾಸಿಗೆ, ಮೇಕೆಗಳ ಜೊತೆ ನಮ್ಮ ವಿದ್ಯಾರ್ಥಿಗಳೂ ಹೊರಟುಬಿಡುತ್ತಾರೆ. ಮರಳಿ ಬರುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಎದುರಿಗಿರುತ್ತದೆ. ಪ್ರಯಾಣದಲ್ಲಿರುವ ಮಗುವಿಗೆ ಪಾಠ ಹೇಗೆ ತಲುಪಿಸಬೇಕು, ಬಿಟ್ಟುಹೋದ ನಾಲ್ಕು ತಿಂಗಳನ್ನು ನಾಲ್ಕು ವಾರದಲ್ಲಿ ಹೇಗೆ ತುಂಬಿಸಬೇಕು ಎಂಬುದನ್ನು ನಮ್ಮ ಮಾಸ್ತರರು ಯಾವ ವಿಶ್ವವಿದ್ಯಾಲಯದಲ್ಲಿಯೂ ಕಲಿಯಲಿಲ್ಲ. ಕಲಿಯಲೇಬೇಕಾಗಿ ಬಂದು ಕಲಿತರು. ಶ್ರೀಮಂತರ ಮಕ್ಕಳು ಹಡಗಿನಲ್ಲಿ ಹೋಗುತ್ತ ಕಲಿಯುತ್ತಾರೆ, ಬಡವರ ಮಕ್ಕಳು ಟ್ರ್ಯಾಕ್ಟರಿನಲ್ಲಿ ಹೋಗುತ್ತ ಮರೆಯುತ್ತಾರೆ. ಈ ಎರಡರ ನಡುವಿನ ಅಂತರವನ್ನು ಬಲ್ಲ ಮಾಸ್ತರನಿಗೆ ಹೊರದೇಶದ ಶಿಕ್ಷಕರ ಮುಂದೆ ಹೇಳಲು ವಿಷಯವಿಲ್ಲ ಎಂದು ಯಾರೂ ಹೇಳಲಾರರು.

ಕಳುಹಿಸಿದವರು ಕೆಟ್ಟರೆ?

ಎರಡನೆಯ ಪ್ರಶ್ನೆ, ಹೋಗಬಹುದೇ ಎಂಬುದು. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ದೊಡ್ಡ ಸಾಕ್ಷಿ ಇದೆ. ವಿನಾಯಕ ಕೃಷ್ಣ ಗೋಕಾಕರು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಅದನ್ನು ನಡೆಸುವ ಡೆಕ್ಕನ್ ಎಜುಕೇಶನ್ ಸೊಸೈಟಿಯವರೇ 1936ರಲ್ಲಿ ಅವರನ್ನು ಆಕ್ಸ್‌ಫರ್ಡಿಗೆ ಕಳುಹಿಸಿದರು. ಆಗ ಪ್ರಯಾಣವೆಂದರೆ ಹಡಗೇ. 1938ರಲ್ಲಿ ಮೊದಲ ದರ್ಜೆ ಪಡೆದು ಹಿಂದಿರುಗಿದ ಗೋಕಾಕರು ಅದೇ ಸೊಸೈಟಿಯ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿ ದುಡಿದರು. ಕನ್ನಡ ಸಾಹಿತ್ಯ ಚರಿತ್ರೆ ಬರೆದ ರಂ. ಶ್ರೀ. ಮುಗಳಿಯವರು ಕನ್ನಡ ಪಾಠ ಹೇಳುತ್ತಿದ್ದ ಕಾಲೇಜೂ ಅದೇ. ಗೋಕಾಕರ ಕಡಲ ಪ್ರಯಾಣದಿಂದ ಕನ್ನಡಕ್ಕೆ ಬಂದದ್ದು ‘ಸಮುದ್ರ ಗೀತೆಗಳು’ ಮತ್ತು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಗ್ರಂಥ. ಕನ್ನಡ ಕಾವ್ಯ ಹೊಸ ಮಾರ್ಗ ಹಿಡಿದ ಕಥೆಯನ್ನು ಹೇಳುವವರು ‘ಸಮುದ್ರ ಗೀತೆಗಳು’ ಸಂಕಲನವನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ. ಒಂದು ವಿದ್ಯಾಸಂಸ್ಥೆ ತನ್ನ ಅಧ್ಯಾಪಕನೊಬ್ಬನನ್ನು ಎರಡು ವರ್ಷ ಬಿಟ್ಟುಕೊಟ್ಟಿತು. ಅದಕ್ಕೆ ಒಬ್ಬ ಪ್ರಾಂಶುಪಾಲ ಸಿಕ್ಕಿದ, ನಾಡಿಗೆ ಒಬ್ಬ ಜ್ಞಾನಪೀಠ ಕವಿ ಸಿಕ್ಕಿದ. ಕಳುಹಿಸಿದವರು ಕೆಟ್ಟರೆ?

ಹೋದವರೆಲ್ಲ ಮರಳುವುದಿಲ್ಲವಲ್ಲ ಎಂಬವರೂ ಇದ್ದಾರೆ. ಮೈಸೂರಿನ ಎ. ಕೆ. ರಾಮಾನುಜನ್ ಅವರು ಕೇರಳದ ಕೊಲ್ಲಂನಲ್ಲಿ, ಮಧುರೆಯಲ್ಲಿ, ಬೆಳಗಾವಿಯಲ್ಲಿ, ಬರೋಡೆಯಲ್ಲಿ ಇಂಗ್ಲಿಷ್ ಪಾಠ ಹೇಳಿದವರು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಹಡಗು ಹತ್ತಿ ಅಮೇರಿಕೆಗೆ ಹೋದರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅವರು ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಕನ್ನಡದ ವ್ಯಾಕರಣ. ಬಳಿಕ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ನಿಜ, ಅವರು ಇಲ್ಲಿನ ತರಗತಿಗೆ ಮರಳಲಿಲ್ಲ. ಆದರೆ 1973ರಲ್ಲಿ ಅವರ ಇಂಗ್ಲಿಷ್ ಅನುವಾದದಲ್ಲಿ ವಚನಗಳು ಪ್ರಪಂಚದ ಓದುಗರಿಗೆ ಸಿಕ್ಕಿದವು. ನಮ್ಮ ತಾಲೂಕಿನ ನೆರೆಯ ಮಂಗಳವೇಢೆಯಲ್ಲಿ ಬಸವಣ್ಣನವರು ಕರಣಿಕರಾಗಿದ್ದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ಮಾತನ್ನು ಕಡಲಾಚೆ ದಾಟಿಸಿದವರಲ್ಲಿ ಈ ಅಧ್ಯಾಪಕರ ಹೆಸರು ಮುಂದಿದೆ. ಮರಳಿ ಬರಲೆಂದು ಹೋಗುವುದೇ ಸರಿ. ಆದರೂ ಮರಳದವರ ಲೆಕ್ಕವೆಲ್ಲ ನಷ್ಟದ ಪಟ್ಟಿಗೇ ಸೇರುವುದಿಲ್ಲ.

ಪೂಜಾರಿ ಕೊಡದ ವರ

ಇನ್ನು ಈಚಿನ ಉದಾಹರಣೆಗೆ ಬರೋಣ. ನೆರೆಯ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಶಿಕ್ಷಕರಾಗಿದ್ದ ರಣಜಿತಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರ್ 3ರಂದು ಜಾಗತಿಕ ಶಿಕ್ಷಕ ಪ್ರಶಸ್ತಿ ಪ್ರಕಟವಾಯಿತು. ಮೊತ್ತ ಹತ್ತು ಲಕ್ಷ ಡಾಲರ್. ಅದರಲ್ಲಿ ಅರ್ಧವನ್ನು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಂದಿ ಶಿಕ್ಷಕರಿಗೆ ಹಂಚುವುದಾಗಿ ಅವರು ಘೋಷಿಸಿದರು. ಕನ್ನಡಿಗರು ಗಮನಿಸಬೇಕಾದ ಅಂಶ ಬೇರೆ ಇದೆ. ಆ ಊರಿನ ಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕದ ಮಾತು ಬೇರೆ ಎಂಬುದನ್ನು ಕಂಡು ಅವರು ತಾವೇ ಕನ್ನಡ ಕಲಿತು, 1ರಿಂದ 4ನೆಯ ತರಗತಿಯವರೆಗಿನ ಪುಸ್ತಕಗಳನ್ನು ಮಕ್ಕಳಿಗೆ ಹೊಂದುವಂತೆ ಅಣಿಗೊಳಿಸಿದರೆಂದು ಪ್ರಶಸ್ತಿ ಕೊಟ್ಟವರೇ ಪ್ರಕಟಿಸಿದರು. ಮಕ್ಕಳ ಭಾಷೆಯನ್ನು ಮಾಸ್ತರ ಕಲಿಯಬೇಕು ಎಂಬ ನಮ್ಮ ಹಳೆಯ ಬೇಡಿಕೆಗೆ ಪ್ರಪಂಚವೇ ಮುದ್ರೆ ಒತ್ತಿದಂತಾಯಿತು.

ಅದೇ ಶಿಕ್ಷಕರಿಗೆ ಫುಲ್‌ಬ್ರೈಟ್ ಗೌರವ ದೊರೆತು, ಅಮೇರಿಕೆಗೆ ಹೋಗಲು ದೀರ್ಘ ರಜೆ ಕೇಳಿದಾಗ ಏನಾಯಿತು? 2022ರ ಜನವರಿಯಲ್ಲಿ ರಜೆಗೆ ತಕರಾರು ಎದ್ದಿತು. ಅಷ್ಟು ದಿನ ಇಲ್ಲದಿದ್ದರೆ ಶಾಲೆಯ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಬಂತು. ವಿಷಯ ಪತ್ರಿಕೆಗಳಿಗೆ ಹೋಗಿ, ಕೊನೆಗೆ ರಾಜ್ಯದ ಶಿಕ್ಷಣ ಮಂತ್ರಿಗಳೇ ನಡುವೆ ಬಂದ ಮೇಲೆ ರಜೆ ಮಂಜೂರಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಪ್ರಪಂಚ ಬಲ್ಲ ಶಿಕ್ಷಕನಿಗೇ ಮಂತ್ರಿಗಳ ಮಾತು ಬೇಕಾಯಿತೆಂದರೆ, ಮಾಡಗ್ಯಾಳದ ಅಥವಾ ಮುಳ್ಳೇರಿಯದ ಹೆಸರಿಲ್ಲದ ಮಾಸ್ತರನಿಗೆ ಯಾರ ಮಾತು ಸಿಕ್ಕೀತು?

ಆದರೆ ನ್ಯಾಯವಾಗಿ ಮಾತನಾಡೋಣ. ಮಕ್ಕಳ ಗತಿಯೇನು ಎಂಬ ಪ್ರಶ್ನೆ ತಪ್ಪಲ್ಲ. ಅದು ಕೇಳಲೇಬೇಕಾದ ಪ್ರಶ್ನೆ. ತಪ್ಪಿರುವುದು ಆ ಪ್ರಶ್ನೆಗೆ ‘ಆದ್ದರಿಂದ ಹೋಗಬೇಡ’ ಎಂಬ ಒಂದೇ ಉತ್ತರ ಹುಡುಕುವುದರಲ್ಲಿ.

ನಿಜವಾದ ತೊಡಕು

ಕನ್ನಡ ಮಾಧ್ಯಮದ ಗಡಿ ಶಾಲೆಗಳಲ್ಲಿ ಈ ಪ್ರಶ್ನೆ ಬೇರೆಲ್ಲ ಕಡೆಗಿಂತ ಹರಿತವಾದುದು. ಪುಣೆಯಲ್ಲಿ ಮರಾಠಿ ಶಾಲೆಯ ಗಣಿತದವರು ರಜೆ ಹಾಕಿದರೆ ಬದಲಿಗೆ ಇನ್ನೊಬ್ಬರು ಸಿಗುತ್ತಾರೆ. ಕೋಝಿಕ್ಕೋಡಿನಲ್ಲಿ ಮಲಯಾಳ ಶಾಲೆಯವರು ರಜೆ ಹಾಕಿದರೂ ಸಿಗುತ್ತಾರೆ. ನಮ್ಮಲ್ಲಿ ಒಂದು ಶಾಲೆಗೆ ಗಣಿತ ಹೇಳುವ ಕನ್ನಡದವರು ಒಬ್ಬರಿದ್ದರೆ ಅದೇ ಪುಣ್ಯ. ಅವರು ಹೊರಟರೆ ಹುದ್ದೆ ಖಾಲಿ ಬೀಳುತ್ತದೆ, ಇಲ್ಲವೆ ಕನ್ನಡ ಬಾರದವರು ಬಂದು ಕೂರುತ್ತಾರೆ. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದರೆಂದು 2024ರಲ್ಲಿ ಎದ್ದ ಆಕ್ಷೇಪವನ್ನು ತಾವು ಓದಿರಬಹುದು. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳುಹಿಸಿದ ಬಗ್ಗೆ ಕಾಸರಗೋಡಿನಲ್ಲಿ ವಿದ್ಯಾರ್ಥಿಗಳೂ ತಂದೆತಾಯಂದಿರೂ ಬೀದಿಗಿಳಿದ ಸುದ್ದಿಯನ್ನು ನಾವೂ ಓದಿದ್ದೇವೆ. ಖಾಯಂ ನೇಮಕದಲ್ಲಿಯೇ ಈ ಪಾಡಾದರೆ ಆರು ತಿಂಗಳ ಬದಲಿಗೆ ಕನ್ನಡದವರನ್ನು ಯಾರು ಹುಡುಕಿ ತರುತ್ತಾರೆ?

ನನ್ನ ಪರಿಚಯದ ಶಾಲೆಯೊಂದರ ಗಣಿತದ ಮಾಸ್ತರರು ಎರಡು ತಿಂಗಳ ತರಬೇತಿಗೆ ಹೋದರು. ಹೋದದ್ದು ಅಮೇರಿಕೆಗಲ್ಲ, ಇಲ್ಲೇ ಹತ್ತಿರದ ಊರಿಗೆ. ಬದಲಿಗೆ ಬಂದವರು ಒಳ್ಳೆಯ ಮನುಷ್ಯರು, ಗಣಿತ ಬಲ್ಲವರು, ಆದರೆ ಕನ್ನಡದ ಒಂದಕ್ಷರ ಬಾರದವರು. ಹತ್ತನೆಯ ತರಗತಿಯ ಮಕ್ಕಳು ಹಲಗೆಯ ಮೇಲಿನ ಮರಾಠಿಯನ್ನು ಇದ್ದಂತೆ ವಹಿಯಲ್ಲಿ ಇಳಿಸಿಕೊಂಡರು. ಮನೆಗೆ ಹೋಗಿ ಓದಲು ಕೂತರೆ ಕನ್ನಡ ಪುಸ್ತಕಕ್ಕೂ ವಹಿಗೂ ತಾಳೆಯಾಗಲಿಲ್ಲ. ಮಾಸ್ತರರು ಮರಳಿದಾಗ ತಾಯಂದಿರು ಶಾಲೆಗೇ ಬಂದು ಕೈಮುಗಿದರು: “ಇನ್ನ ನೀವು ಎಲ್ಲೂ ಹೋಗಬ್ಯಾಡ್ರಿ ಗುರುಗಳ, ನಮ್ಮ ಹುಡುಗೂರ ನಡುನೀರಾಗ ನಿಂತಾವ.” ಅವರ ಮಾತಿನಲ್ಲಿ ಪ್ರೀತಿಯಿದೆ, ಭಯವೂ ಇದೆ. ಆ ಭಯಕ್ಕೆ ಪರಿಹಾರ ಕಾಣದೆ, ಮಾಸ್ತರರು ಕಡಲು ದಾಟಲಿ ಎಂದು ನಾವು ಎಷ್ಟು ಬರೆದರೂ ಅದು ಹೊಟ್ಟೆ ತುಂಬಿದವರ ಹರಟೆಯಾದೀತು.

ಸುದ್ದಿ ಮುಟ್ಟುವುದರಲ್ಲಿಯೂ ಇದೇ ಕಥೆ. ಕೆಲವು ವರ್ಷಗಳ ಹಿಂದೆ, ಹೊರದೇಶದಲ್ಲಿ ಕೆಲವು ವಾರ ಇದ್ದು ಕಲಿಸಿ ಕಲಿತು ಬರುವ ಅವಕಾಶದ ಸುತ್ತೋಲೆಯೊಂದು ನನ್ನ ಕೈ ಸೇರಿದಾಗ ಅರ್ಜಿಯ ಕಡೆಯ ತಾರೀಖು ಕಳೆದು ಒಂಬತ್ತು ದಿನಗಳಾಗಿದ್ದವು. ಅದು ಕಚೇರಿಯಿಂದ ಕಚೇರಿಗೆ ಇಳಿದು ಬರುವಷ್ಟರಲ್ಲಿ ಹಳಸಿತ್ತು. ಹೊತ್ತು ಮೀರಿ ಬಂದ ಕಾಗದ ಬಾರದ ಕಾಗದಕ್ಕೆ ಸಮಾನ.

ಮಾಡಬಹುದಾದ ನಾಲ್ಕು ಕೆಲಸ

ಮೊದಲನೆಯದು, ಬದಲಿ ಶಿಕ್ಷಕರ ಪಟ್ಟಿ. ಪ್ರತಿ ತಾಲೂಕಿನಲ್ಲಿ, ನಿಮ್ಮಲ್ಲಿಯಾದರೆ ಪ್ರತಿ ಉಪಜಿಲ್ಲೆಯಲ್ಲಿ, ವಿಷಯವಾರು ಕನ್ನಡದಲ್ಲಿ ಪಾಠ ಹೇಳಬಲ್ಲವರ ಪಟ್ಟಿಯೊಂದು ಸಿದ್ಧವಿರಬೇಕು. ಜನ ಇಲ್ಲವೆ? ಇದ್ದಾರೆ. ನಿಮ್ಮಲ್ಲಿ 56ಕ್ಕೆ, ನ‌ಮ್ಮಲ್ಲಿ 58ಕ್ಕೆ ನಿವೃತ್ತರಾಗಿ ಇನ್ನೂ ಗಂಟಲು ಗಟ್ಟಿಯಿರುವ ಗುರುಗಳು ಊರೂರಿಗೆ ಇದ್ದಾರೆ. ತರಬೇತಿ ಮುಗಿಸಿ ಕೆಲಸ ಸಿಗದೆ ಅಂಗಡಿಯಲ್ಲಿ ಲೆಕ್ಕ ಬರೆಯುವ ತರುಣರಿದ್ದಾರೆ. ಕೇರಳದಲ್ಲಿ ದಿನವೇತನದ ಅಧ್ಯಾಪಕರನ್ನು ತೆಗೆದುಕೊಳ್ಳುವ ಪದ್ಧತಿ ಇದ್ದೇ ಇದೆ. ಅಲ್ಲಿ ಬೇಕಾದದ್ದು ಹೊಸ ಕಾನೂನಲ್ಲ, ಕನ್ನಡ ಬಲ್ಲವರ ಹೆಸರು ಮೊದಲೇ ಕೈಯಲ್ಲಿರುವುದು. ರಜೆಯ ಅರ್ಜಿಯ ಜೊತೆಗೇ ಬದಲಿಯವರ ಹೆಸರೂ ಹೋದರೆ ‘ಮಕ್ಕಳ ಗತಿಯೇನು’ ಎಂಬ ಪ್ರಶ್ನೆಗೆ ಅರ್ಜಿಯಲ್ಲಿಯೇ ಉತ್ತರವಿರುತ್ತದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಖಾಯಂ ಮಾಸ್ತರ ಇದ್ದಾಗ ಒಂದು ಭಾಷೆ, ರಜೆಯಲ್ಲಿದ್ದಾಗ ಇನ್ನೊಂದು ಭಾಷೆ ಎಂದು ಅದರಲ್ಲಿ ಬರೆದಿಲ್ಲ. ಹೈಸ್ಕೂಲಿಗೂ ಅದೇ ನ್ಯಾಯವನ್ನು ನಾವು ಕೇಳಿಕೊಳ್ಳಬೇಕು.

ಎರಡನೆಯದು, ಕಾಲ ನೋಡಿ ಹೊರಡುವುದು. ಹತ್ತನೆಯ ತರಗತಿಯ ಹೊಣೆ ಹೊತ್ತವರು ಜನವರಿಯಿಂದ ಮಾರ್ಚಿಯ ನಡುವೆ ಶಾಲೆ ಬಿಡಬಾರದು. ಇದನ್ನು ಇಲಾಖೆ ಹೇಳುವ ಮೊದಲು ನಾವೇ ಹೇಳಿಕೊಳ್ಳಬೇಕು. ಕೆಲವು ವಾರಗಳ ಕಾರ್ಯಕ್ರಮವಾದರೆ ಬೇಸಿಗೆ ರಜೆಗೆ ಹೊಂದುವುದನ್ನೇ ಆರಿಸಬೇಕು. ದೀರ್ಘ ಅವಧಿಯಾದರೆ ಶಾಲಾ ವರ್ಷದ ಆರಂಭದಲ್ಲಿಯೇ ಬದಲಿಯವರು ಬಂದು, ಹದಿನೈದು ದಿನ ಇಬ್ಬರೂ ಜೊತೆಯಲ್ಲಿ ಪಾಠ ಮಾಡಿ, ಬಳಿಕ ಇವರು ಹೊರಡಬೇಕು. ಮಕ್ಕಳಿಗೆ ಹೊಸ ಮುಖದ ಪರಿಚಯವಾಗುತ್ತದೆ, ಪಾಠದ ಎಳೆ ಕಡಿಯುವುದಿಲ್ಲ.

ಮೂರನೆಯದು, ಸುದ್ದಿ. ಸರಕಾರದ ಸುತ್ತೋಲೆ ಇಳಿದು ಬರುವವರೆಗೆ ಕಾಯದೆ, ಕನ್ನಡ ಪತ್ರಿಕೆಗಳು ಇಂಥ ಅವಕಾಶಗಳ ವಿವರವನ್ನು ಕನ್ನಡದಲ್ಲಿ, ಕಡೆಯ ತಾರೀಖಿನ ಸಹಿತ ಪ್ರಕಟಿಸಬೇಕು. ದಿನವೇತನದ ಹುದ್ದೆಯ ಸಂದರ್ಶನ ಎಲ್ಲಿ, ಎಷ್ಟು ಗಂಟೆಗೆ ಎಂಬ ಸಣ್ಣ ಸುದ್ದಿಗೆ ತಮ್ಮ ಪುಟಗಳಲ್ಲಿ ಜಾಗವಿದೆ. ಹೊರದೇಶದ ಅವಕಾಶಕ್ಕೂ ಅಷ್ಟೇ ಜಾಗ ಸಾಕು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಹಿಂಜರಿಯುವವರಿಗೆ ಕಾಲೇಜಿನ ಮಿತ್ರರು ಒಂದು ಸಂಜೆ ಕೊಟ್ಟರೆ ಅದೇ ದೊಡ್ಡ ಕನ್ನಡ ಸೇವೆ.

ನಾಲ್ಕನೆಯದು, ಮರಳಿದವರ ಹೊಣೆ. ಹೋಗಿ ಬಂದವರಿಗೆ ಶಾಲು, ಹಣ್ಣು, ಹಾರದ ಸನ್ಮಾನ ಮಾಡಿ ಕಳುಹಿಸಿಬಿಡುವುದು ನಮ್ಮ ರೂಢಿ. ಅದರ ಬದಲು, ಹತ್ತಿರದ ಐದು ಕನ್ನಡ ಶಾಲೆಗಳಲ್ಲಿ ಒಂದೊಂದು ದಿನ ಪಾಠ ಮಾಡಿ ತೋರಿಸಬೇಕೆಂದು ಅವರನ್ನು ಕೇಳೋಣ. ತಾನು ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ. ಆಗ ಒಬ್ಬನ ಪ್ರಯಾಣ ಒಬ್ಬನದಾಗಿ ಉಳಿಯುವುದಿಲ್ಲ.

ಇದಕ್ಕೆ ಬರುವ ಒಂದು ಆಕ್ಷೇಪವನ್ನು ಬಲ್ಲೆ. ಶಾಲೆಗೆ ಮಾಳಿಗೆ ಸೋರುತ್ತಿದೆ, ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಕನ್ನಡ ಹುದ್ದೆಯೇ ಉಳಿಯುವ ಭರವಸೆಯಿಲ್ಲ. ಈ ಹೊತ್ತಿನಲ್ಲಿ ಹಡಗಿನ ಮಾತೇಕೆ ಎಂದು. ಮಕ್ಕಳ ಸಂಖ್ಯೆ ಏಕೆ ಇಳಿಯುತ್ತಿದೆ ಎಂದು ತಂದೆತಾಯಂದಿರನ್ನು ಕೇಳಿ ನೋಡಿ. ಕನ್ನಡ ಶಾಲೆಯಲ್ಲಿ ಕಲಿತರೆ ಹೊರಗಿನ ಪ್ರಪಂಚದ ಬಾಗಿಲು ಮುಚ್ಚುತ್ತದೆ ಎಂಬುದೇ ಅವರ ಮೊದಲ ಮಾತು. ಕನ್ನಡ ಶಾಲೆಯ ಮಾಸ್ತರರೇ ಆ ಬಾಗಿಲು ದಾಟಿ ಹೋಗಿ, ಮರಳಿ ಅದೇ ಹಲಗೆಯ ಮುಂದೆ ನಿಂತರೆ, ನೂರು ಭಾಷಣಗಳು ಮಾಡದ ಕೆಲಸವನ್ನು ಅದು ಮಾಡೀತು. ಹೈಸ್ಕೂಲಿನವರ ಮಾತಿಗೆ ಏನು ಬೆಲೆ ಎಂಬವರು ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನೆದುಕೊಳ್ಳಲಿ. ಅವರೂ ಶಾಲೆಯಲ್ಲಿ ಪಾಠ ಹೇಳುತ್ತಲೇ ನಾಡಿನ ದನಿಯಾದವರು. 1969ರಲ್ಲಿ ರಾಷ್ಟ್ರದ ಶಿಕ್ಷಕ ಪ್ರಶಸ್ತಿ ಪಡೆದವರು.

ಹಡಗಿಗೆ ಮೊದಲು ಬಸ್ಸು

ಕಡಲು ದಾಟುವ ಅವಕಾಶ ನೂರರಲ್ಲಿ ಒಬ್ಬರಿಗೆ ಬಂದೀತು. ಉಳಿದವರಿಗೆ? ಅದಕ್ಕೂ ಒಂದು ಸೂಚನೆಯನ್ನು ಕಾಸರಗೋಡಿನ ಬಾಂಧವರ ಮುಂದೆ ಇಡಬಯಸುತ್ತೇನೆ. ಗಡಿನಾಡಿನ ಕನ್ನಡ ಶಾಲೆಗಳ ನಡುವೆಯೇ ಅಧ್ಯಾಪಕರ ವಿನಿಮಯವೊಂದು ನಡೆಯಲಿ. ಬೇಸಿಗೆಯ ರಜೆಯಲ್ಲಿ ಎರಡು ವಾರ ನಿಮ್ಮವರೊಬ್ಬರು ಜತ್ತಕ್ಕೆ ಬಂದು ನಮ್ಮ ಮಕ್ಕಳಿಗೆ ಶಿಬಿರ ನಡೆಸಲಿ. ನಮ್ಮವರೊಬ್ಬರು ಮಂಜೇಶ್ವರಕ್ಕೋ ಬದಿಯಡ್ಕಕ್ಕೋ ಬರಲಿ. ಇದಕ್ಕೆ ವೀಸಾ ಬೇಡ, ದೀರ್ಘ ರಜೆ ಬೇಡ, ಮಂತ್ರಿಗಳ ಮಾತೂ ಬೇಡ. ಎರಡೂ ಕಡೆಯ ಕನ್ನಡ ಸಂಘಗಳು ಬಸ್ಸಿನ ಖರ್ಚು, ಎರಡು ಹೊತ್ತಿನ ಊಟದ ಹೊಣೆ ಹೊತ್ತರೆ ಆಯಿತು. ಮಲಯಾಳದ ನಡುವೆ ಕನ್ನಡ ಕಲಿಸುವ ಯುಕ್ತಿ ನಿಮ್ಮಲ್ಲಿದೆ, ಮರಾಠಿಯ ನಡುವೆ ಕಲಿಸುವ ಯುಕ್ತಿ ನಮ್ಮಲ್ಲಿದೆ. ಕಡಲನ್ನು ನಕಾಶೆಯಲ್ಲಿ ಮಾತ್ರ ಕಂಡ ನಮ್ಮ ಮಕ್ಕಳಿಗೆ, ಕಡಲು ಮಗ್ಗುಲಲ್ಲಿರುವ ಊರಿನ ಮಾಸ್ತರರು ಅಲೆ, ದೋಣಿ, ಬಂದರುಗಳ ಪಾಠ ಹೇಳಿದರೆ ಅದಕ್ಕಿಂತ ಬೇರೆ ಭೂಗೋಳ ಬೇಕೆ? ಹೀಗೆ ಪರಊರಿನ ತರಗತಿಯಲ್ಲಿ ನಿಂತು ಅಭ್ಯಾಸವಾದವರೇ ನಾಳೆ ಪರದೇಶದ ತರಗತಿಯಲ್ಲಿ ಅಳುಕದೆ ನಿಲ್ಲುತ್ತಾರೆ.

ಬದಲಿ ಶಿಕ್ಷಕರ ಪಟ್ಟಿಯನ್ನು ಮಾಡಲು ಸರಕಾರದ ಆಜ್ಞೆಗೂ ಕಾಯಬೇಕಾಗಿಲ್ಲ. ಪ್ರತಿ ಊರಿನ ಅಧ್ಯಾಪಕ ರಕ್ಷಕ ಸಂಘ ತನ್ನ ಮುಂದಿನ ಸಭೆಯಲ್ಲಿಯೇ ಒಂದು ವಹಿ ತೆರೆದು, ಗಣಿತಕ್ಕೆ ಯಾರು, ವಿಜ್ಞಾನಕ್ಕೆ ಯಾರು, ಸಮಾಜಕ್ಕೆ ಯಾರು ಎಂದು ಬರೆದಿಡಲಿ. ಹೆಸರುಗಳನ್ನು ಕೈಯಲ್ಲಿ ಹಿಡಿದು ಇಲಾಖೆಯ ಮುಂದೆ ಹೋದವರ ಮಾತಿಗೆ ತೂಕ ಹೆಚ್ಚು. ಆ ವಹಿ ಹೆರಿಗೆ ರಜೆಗೂ ಕಾಯಿಲೆಯ ರಜೆಗೂ ಉಪಯೋಗಕ್ಕೆ ಬರುತ್ತದೆ. ಎಂದಾದರೊಂದು ದಿನ ನಿಮ್ಮೂರಿನ ಅಧ್ಯಾಪಕರಿಗೆ ಕಡಲಾಚೆಯ ಕರೆ ಬಂದರೆ, ‘ಹೋಗಿ ಬನ್ನಿ, ಪಾಠ ನಿಲ್ಲುವುದಿಲ್ಲ’ ಎಂದು ಹೇಳುವ ಧೈರ್ಯ ಊರಿಗೆ ಆ ವಹಿಯಿಂದಲೇ ಬರುತ್ತದೆ.